ಬಿಡಾರ ಎಷ್ಟು ಸಲ ಕೀಳಬೇಕು? ಆರ್‌ವಿ ಪಯಣದ ವೇಗ ಮತ್ತು ವಿರಾಮ

ಮಲಗಲು ಮಂಚ, ಅಡುಗೆಗೆ ಒಲೆ, ಫ್ರಿಜ್ಜು, ಶೌಚಾಲಯ, ನೀರಿನ ಟ್ಯಾಂಕು ಎಲ್ಲವನ್ನೂ ಒಳಗೇ ಇಟ್ಟುಕೊಂಡು ಓಡುವ ವಾಹನಕ್ಕೆ ಅಮೆರಿಕ, ಕೆನಡಾಗಳಲ್ಲಿ ಆರ್‌ವಿ ಎನ್ನುತ್ತಾರೆ. ಅದಕ್ಕೆ ಸ್ವಂತ ಎಂಜಿನ್ ಇದ್ದರೆ ಮೋಟರ್‌ಹೋಮ್, ಪಿಕಪ್ ಲಾರಿಯ ಹಿಂದೆ ಕಟ್ಟಿ ಎಳೆಯುವುದಾದರೆ ಟ್ರೇಲರ್. ಇಂಥ ಗಾಡಿಯಲ್ಲಿ ಸಾವಿರಾರು ಕಿ.ಮೀ. ಹೋಗುವವರಲ್ಲಿ ಎರಡು ಪಂಗಡಗಳಿವೆ. ದಿನಕ್ಕೆ ಎಂಟು ಹತ್ತು ಗಂಟೆ ಓಡಿಸಿ, ಕತ್ತಲಾದ ಮೇಲೆ ಎಲ್ಲೋ ನಿಲ್ಲಿಸಿ, ಬೆಳಕು ಹರಿಯುವ ಮುಂಚೆ ಹೊರಡುವವರು ಒಂದು ಕಡೆ. ಮಧ್ಯಾಹ್ನಕ್ಕೇ ನಿಲ್ಲಿಸಿ, ಒಂದೇ ಜಾಗದಲ್ಲಿ ಮೂರು ನಾಲ್ಕು ರಾತ್ರಿ ಕಳೆಯುವವರು ಇನ್ನೊಂದು ಕಡೆ. ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಕಿಲೋಮೀಟರ್‌ಗಳಲ್ಲಿ ಅಳೆಯುತ್ತಾರೆ. ಆ ಅಳತೆಗೋಲೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯನ್ನೇ ಜತೆಗೆ ಒಯ್ಯುವವರು ಎಣಿಸಬೇಕಾದದ್ದು ಬಿಡಾರ ಎಷ್ಟು ಸಲ ಕಿತ್ತೆವು, ಎಷ್ಟು ಸಲ ಹೂಡಿದೆವು ಎಂಬುದನ್ನು.

ವೇಗ ಬಂದದ್ದು ಹೇಗೆ

ಅಮೆರಿಕವನ್ನು ಕಾರಿನಲ್ಲಿ ಮೊದಲು ಅಡ್ಡಹಾಯ್ದವರು ವೈದ್ಯ ಹೊರೇಷಿಯೊ ನೆಲ್ಸನ್ ಜ್ಯಾಕ್ಸನ್ ಮತ್ತು ಮೆಕ್ಯಾನಿಕ್ ಸೂಅಲ್ ಕ್ರಾಕರ್. 1903ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕ್ ತಲುಪಲು ಅವರಿಗೆ 63 ದಿನ ಹಿಡಿಯಿತು. ಬಿಡಿಭಾಗ ರೈಲಿನಲ್ಲಿ ಬರುವವರೆಗೆ ಕಾಯುವುದು, ಕೆಸರಿನಿಂದ ಕಾರನ್ನು ಎಳೆಸುವುದು ಎಲ್ಲ ಅದರಲ್ಲೇ ಸೇರಿತ್ತು. 1919ರಲ್ಲಿ ಸೇನೆಯ ಮೋಟಾರು ವಾಹನಗಳ ಸಾಲೊಂದು ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಾಗಲೂ 62 ದಿನವೇ ಬೇಕಾಯಿತು. ಆ ತಂಡದಲ್ಲಿದ್ದ ಯುವ ಅಧಿಕಾರಿ ಡ್ವೈಟ್ ಐಸೆನ್‌ಹೋವರ್ ಮುಂದೆ ಅಧ್ಯಕ್ಷರಾಗಿ 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದರು. ಇವತ್ತು ಅಂಥದೊಂದು ಹೆದ್ದಾರಿಯಾದ ಇಂಟರ್‌ಸ್ಟೇಟ್ 80ರ ಸುಮಾರು 4,650 ಕಿ.ಮೀ.ಗಳನ್ನು ಕಾರಿನವರು ನಾಲ್ಕೈದು ದಿನಗಳಲ್ಲಿ ಮುಗಿಸುತ್ತಾರೆ. ಊರುಗಳ ಒಳಗೆ ಹೋಗುವ ಗೋಜೇ ಇಲ್ಲ.

ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಲಾರಿಯ ಮೇಲೆ ಪುಟ್ಟ ಮನೆ ಕಟ್ಟಿಸಿಕೊಂಡು, ಚಾರ್ಲಿ ಎಂಬ ನಾಯಿಯೊಂದಿಗೆ ದೇಶ ಸುತ್ತಲು ಹೊರಟದ್ದು ಇಂಥ ರಸ್ತೆಗಳು ತಲೆಯೆತ್ತುತ್ತಿದ್ದಾಗಲೇ. ಅವರು ಸುಮಾರು 16,000 ಕಿ.ಮೀ. ಸುತ್ತಿದರು. 1962ರಲ್ಲಿ ಬಂದ ಅವರ ಪುಸ್ತಕವನ್ನು ಓದಿದವರಿಗೆ ಗೊತ್ತು: ಮೊದಲ ಭಾಗದಲ್ಲಿ ಹೊಲ, ಜನ, ಮಾತುಕತೆ ತುಂಬಿವೆ. ಕೊನೆಯಲ್ಲಿ ಮನೆ ಸೇರುವ ಆತುರ ಹತ್ತಿದ ಮೇಲೆ ರಸ್ತೆ ಬರೀ ರಸ್ತೆಯಾಗಿಬಿಡುತ್ತದೆ. ಒಂದೇ ಪಯಣಕ್ಕೆ ಎರಡು ವೇಗಗಳು ಹೇಗಿರುತ್ತವೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಕೀಳುವ, ಹೂಡುವ ಕೆಲಸ

ಕಾರಿನವರು ಹೋಟೆಲಿನ ಕೀಲಿ ಕೊಟ್ಟರೆ ಹೊರಟಂತೆ. ಆರ್‌ವಿಯಲ್ಲಿ ಹಾಗಲ್ಲ. ಹೊರಡುವ ಬೆಳಗ್ಗೆ ಕರೆಂಟಿನ ದಪ್ಪ ಕೇಬಲ್ ಬಿಚ್ಚಬೇಕು, ನೀರಿನ ಪೈಪು ಸುತ್ತಬೇಕು, ಒಳಜಾಗ ಹೆಚ್ಚಿಸಲು ಹೊರಕ್ಕೆ ಚಾಚಿದ ಗೋಡೆಯನ್ನು ಒಳಗೆಳೆಯಬೇಕು, ಜ್ಯಾಕ್‌ಗಳನ್ನು ಎತ್ತಬೇಕು, ಕಪಾಟಿನ ಬಾಗಿಲುಗಳಿಗೆಲ್ಲ ಚಿಲಕ ಹಾಕಬೇಕು. ಶೌಚಾಲಯದ ಟ್ಯಾಂಕನ್ನು ಮೊದಲು ಖಾಲಿ ಮಾಡಿ, ಆಮೇಲೆ ಸ್ನಾನದ, ಪಾತ್ರೆ ತೊಳೆದ ನೀರಿನ ಟ್ಯಾಂಕು ಬಿಡಬೇಕು. ಹಾಗೆ ಮಾಡಿದರೆ ಪೈಪು ತಾನೇ ತೊಳೆದುಕೊಳ್ಳುತ್ತದೆ. ಸಂಜೆ ಇದೆಲ್ಲವೂ ತಿರುವುಮುರುವು. ಜತೆಗೆ ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸುವ ಕೆಲಸ. ಗ್ಯಾಸಿನಲ್ಲೂ ನಡೆಯುವ ಹಳೆಯ ಬಗೆಯ ಫ್ರಿಜ್ಜು ಓರೆಯಾಗಿ ನಿಂತರೆ ಸರಿಯಾಗಿ ತಂಪಾಗುವುದಿಲ್ಲ, ಕೆಟ್ಟೂ ಹೋಗಬಹುದು.

ಕೈ ಪಳಗಿದವರಿಗೂ ಬೆಳಗ್ಗೆ, ಸಂಜೆ ಸೇರಿ ಒಂದೆರಡು ಗಂಟೆ ಇದಕ್ಕೇ ಹೋಗುತ್ತದೆ. 200 ಕಿ.ಮೀ. ಹೋದರೂ ಅಷ್ಟೇ, 800 ಕಿ.ಮೀ. ಹೋದರೂ ಅಷ್ಟೇ. ಹಾಗಾಗಿ ದಿನವೂ 150 ಕಿ.ಮೀ. ಜಾಗ ಬದಲಿಸುವವರು ತಾವು ನಿಧಾನಸ್ಥರು ಎಂದುಕೊಂಡರೆ ಅದು ತಪ್ಪು ಲೆಕ್ಕ. ಅವರದು ದಿನವೂ ಮನೆ ಬದಲಾಯಿಸುವ ಸಂಸಾರ.

ಮೂರು-ಮೂರು-ಮೂರು

ಅನುಭವಸ್ಥರಲ್ಲಿ ಒಂದು ಬಾಯಿಲೆಕ್ಕ ಚಾಲ್ತಿಯಲ್ಲಿದೆ: ದಿನಕ್ಕೆ 300 ಮೈಲಿ ಮೀರಬೇಡಿ, ಮಧ್ಯಾಹ್ನ 3 ಗಂಟೆಯೊಳಗೆ ತಲುಪಿ, ತಲುಪಿದಲ್ಲಿ 3 ದಿನ ಇರಿ. ಇನ್ನೂ ನಿಧಾನ ಬೇಕೆನ್ನುವವರು ಮೂರರ ಜಾಗದಲ್ಲಿ ಎರಡನ್ನು ಇಟ್ಟುಕೊಳ್ಳುತ್ತಾರೆ. 300 ಮೈಲಿ ಎಂದರೆ 480 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಯಷ್ಟು ದೂರ. ಇದರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ನಡುವಿನ ಮೂರು. ಹತ್ತು ಮೀಟರ್ ಉದ್ದದ ಗಾಡಿಯನ್ನು ಮರಗಳ ನಡುವಿನ ಇಕ್ಕಟ್ಟಿಗೆ ಹಿಮ್ಮುಖವಾಗಿ ನುಗ್ಗಿಸುವುದಕ್ಕೆ ಹಗಲ ಬೆಳಕು ಬೇಕು, ದಣಿಯದ ಕಣ್ಣು ಬೇಕು. ಮೇಲೆ ಬಾಗಿದ ಕೊಂಬೆ, ಮೋಟುಗಂಬಗಳು ಕತ್ತಲಲ್ಲಿ ಕಾಣುವುದಿಲ್ಲ.

ಇಂಧನ, ಟೈರು, ಬಾಡಿಗೆ

ದೊಡ್ಡ ಪೆಟ್ರೋಲ್ ಮೋಟರ್‌ಹೋಮ್ ಲೀಟರಿಗೆ ಮೂರು ನಾಲ್ಕು ಕಿ.ಮೀ. ಕೊಟ್ಟರೆ ಹೆಚ್ಚು. ಎದುರುಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 90 ಕಿ.ಮೀ.ಯಿಂದ 105ಕ್ಕೆ ಹೋದರೆ ವೇಗ ಹೆಚ್ಚುವುದು ಆರರಲ್ಲೊಂದು ಪಾಲು, ಗಾಳಿಯ ಒತ್ತಡ ಹೆಚ್ಚುವುದು ಮೂರರಲ್ಲೊಂದಕ್ಕೂ ಮಿಗಿಲು. ಗೋಡೆಯಂತೆ ಎದ್ದುನಿಂತ ಮುಂಭಾಗಕ್ಕೆ ಇದು ಸಣ್ಣ ವಿಷಯವಲ್ಲ. ಟ್ರೇಲರಿಗೆಂದೇ ಮಾಡಿದ ಅನೇಕ ಟೈರುಗಳ ಗರಿಷ್ಠ ವೇಗ ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55 ಮೈಲಿ.

ನಿಧಾನಕ್ಕೆ ಇನ್ನೊಂದು ಲಾಭವೂ ಇದೆ. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ವಾರದ, ತಿಂಗಳ ಬಾಡಿಗೆ ದಿನದ ದರಕ್ಕಿಂತ ಅಗ್ಗ. ಸರ್ಕಾರಿ ಅರಣ್ಯ, ಬಯಲುಗಳ ಬಹುಪಾಲು ಜಾಗಗಳಲ್ಲಿ ಯಾವ ಸೌಲಭ್ಯವೂ ಇಲ್ಲದೆ ಎರಡು ವಾರದವರೆಗೆ ಬಿಟ್ಟಿಯಾಗಿ ಇರಬಹುದು.

ವೇಗವೇ ಸರಿಯಾಗುವ ಸಂದರ್ಭ

ಆದರೆ ಎಲ್ಲರ ಕೈಯಲ್ಲೂ ಅಷ್ಟು ದಿನಗಳಿರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬವೊಂದು, ಬೇಸಿಗೆಯಲ್ಲಿ ಊರಿನಿಂದ ಬಂದ ಅಪ್ಪ-ಅಮ್ಮನನ್ನು ಬಾಡಿಗೆಯ ಮೋಟರ್‌ಹೋಮ್‌ನಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುತ್ತದೆ ಎಂದುಕೊಳ್ಳಿ. ಹೋಗಲು ಸುಮಾರು 1,500 ಕಿ.ಮೀ. ರಜೆ ಒಂಬತ್ತೇ ದಿನ. ದಾರಿಯ ನೆವಾಡಾದ ಬಟಾಬಯಲನ್ನು ನಿಧಾನವಾಗಿ ದಾಟಿದರೆ ಉದ್ಯಾನದ ಬಿಸಿನೀರು ಚಿಮ್ಮುವ ಗೀಸರ್‌ಗಳಿಗೆ ಸಮಯ ಉಳಿಯುವುದಿಲ್ಲ. ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ ಬೇಗ ಓಡಿಸಿ, ನಡುವಿನ ಐದು ದಿನ ಬಿಡಾರ ಕೀಳದೆ ಕೂರುವುದೇ ಇಲ್ಲಿ ಜಾಣತನ. ಹಿರಿಯರ ಮಂಡಿಗೆ ಎರಡು ಗಂಟೆಗೊಮ್ಮೆ ಇಳಿದು ನಡೆಯುವ ಬಿಡುವು ಕೊಡಲೇಬೇಕು. ಓಡುತ್ತಿರುವ ಗಾಡಿಯಲ್ಲಿ ಎದ್ದು ಒಲೆ ಹಚ್ಚುವುದಂತೂ ಕೂಡದು. ಎಲ್ಲರೂ ಸೀಟ್ ಬೆಲ್ಟ್ ಕಟ್ಟಿಕೊಂಡೇ ಇರಬೇಕು.

ಹೀಗೆ ಒಂದೆಡೆ ಕೂರುವುದರಲ್ಲಿ ಒಂದು ತೊಡಕಿದೆ. ಜತೆಗೆ ಸಣ್ಣ ಕಾರು ಇಲ್ಲದಿದ್ದರೆ, ಅಲ್ಲೇ ಸುತ್ತಾಡಲೂ ಮನೆಯನ್ನೇ ಎಬ್ಬಿಸಬೇಕು. ಟ್ರೇಲರಿನವರು ಪಿಕಪ್ ಬಿಚ್ಚಿಕೊಂಡು ಹೋಗಿಬರುತ್ತಾರೆ. ದೊಡ್ಡ ಮೋಟರ್‌ಹೋಮಿನವರು ಅದಕ್ಕೆಂದೇ ಹಿಂದೆ ಕಾರು ಕಟ್ಟಿಕೊಂಡು ಬರುತ್ತಾರೆ. ಕೆಲವೆಡೆ ಮನೆ ಎಬ್ಬಿಸಿದರೂ ಸಾಲದು: ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಪ್ರಸಿದ್ಧ ಬೆಟ್ಟದ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನವನ್ನು ಬಿಡುವುದೇ ಇಲ್ಲ.

ಅಲಾಸ್ಕ ಹೆದ್ದಾರಿ: ಐದು ದಿನವೋ, ಹದಿನೈದು ದಿನವೋ

ಎರಡು ವೇಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಅಲಾಸ್ಕ ಹೆದ್ದಾರಿಗಿಂತ ಒಳ್ಳೆಯ ರಸ್ತೆಯಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ಸೇನೆ ತಿಂಗಳುಗಳಲ್ಲೇ ಕಡಿದು ಮಾಡಿದ ದಾರಿ ಇದು. ಕೆನಡಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕದ ಡೆಲ್ಟಾ ಜಂಕ್ಷನ್‌ವರೆಗೆ ಈಗ ಸುಮಾರು 2,200 ಕಿ.ಮೀ. ಓಟದವರು ಫೋರ್ಟ್ ನೆಲ್ಸನ್, ವಾಟ್ಸನ್ ಲೇಕ್, ವೈಟ್‌ಹಾರ್ಸ್, ಬೀವರ್ ಕ್ರೀಕ್‌ಗಳಲ್ಲಿ ಒಂದೊಂದು ರಾತ್ರಿ ಕಳೆದು ಐದನೆಯ ದಿನ ತುದಿ ಮುಟ್ಟುತ್ತಾರೆ. ಜೂನ್ ಕೊನೆಯಲ್ಲಿ ವೈಟ್‌ಹಾರ್ಸ್‌ನಲ್ಲಿ ಸುಮಾರು 19 ಗಂಟೆ ಹಗಲು. ಬೆಳಕಿದೆಯಲ್ಲ ಎಂದು ರಾತ್ರಿ ಹನ್ನೊಂದರವರೆಗೂ ಓಡಿಸುವವರಿದ್ದಾರೆ. ದೇಹದ ದಣಿವಿಗೆ ಸೂರ್ಯ ಮುಳುಗದಿರುವುದು ತಿಳಿಯುವುದಿಲ್ಲ.

ಬಿಡುವಾಗಿ ಹೋಗುವವರು ಫೋರ್ಟ್ ನೆಲ್ಸನ್ ದಾಟಿ 300 ಕಿ.ಮೀ. ಆಚೆ ಲಿಯಾರ್ಡ್ ನದಿಯ ಬಿಸಿನೀರ ಬುಗ್ಗೆಗಳ ಬಳಿ ಎರಡು ರಾತ್ರಿ ನಿಲ್ಲುತ್ತಾರೆ. ಜೌಗಿನ ಮೇಲೆ ಹಾಸಿದ ಹಲಗೆಹಾದಿಯಲ್ಲಿ ನಡೆದುಹೋದರೆ ಕಾಡಿನ ನಡುವೆ ಹಬೆಯಾಡುವ ಕೊಳ. ಆ ಆಸುಪಾಸಿನಲ್ಲಿ ಕಾಡೆಮ್ಮೆಯಂಥ ಬೈಸನ್ ಹಿಂಡುಗಳು ರಸ್ತೆಯ ಮೇಲೇ ನಿಂತಿರುತ್ತವೆ. ರಾತ್ರಿ ವೇಗವಾಗಿ ಬರುವವರಿಗೆ ಅವುಗಳಿಂದಲೇ ಅಪಾಯ. ವಾಟ್ಸನ್ ಲೇಕ್‌ನಲ್ಲಿ 1942ರಲ್ಲಿ ಮನೆಯ ನೆನಪಾದ ಸೈನಿಕನೊಬ್ಬ ತನ್ನೂರಿನ ಹೆಸರಿನ ಹಲಗೆ ನೆಟ್ಟ. ದಾರಿಹೋಕರು ತಮ್ಮ ತಮ್ಮ ಊರಿನ ಫಲಕಗಳನ್ನು ಸೇರಿಸುತ್ತ ಹೋಗಿ ಈಗಲ್ಲಿ ಹತ್ತಾರು ಸಾವಿರ ಫಲಕಗಳ ಕಾಡೇ ಬೆಳೆದಿದೆ. ಆಮೇಲೆ ವೈಟ್‌ಹಾರ್ಸ್‌ನ ನದಿದಡದಲ್ಲಿ ಹಳೆಯ ಉಗಿದೋಣಿ, ನಂತರ ಕ್ಲುವಾನಿ ಸರೋವರ.

ಸರೋವರದ ದಡದ ಡಿಸ್ಟ್ರಕ್ಷನ್ ಬೇಯಿಂದ ಅಲಾಸ್ಕ ಗಡಿಯವರೆಗಿನ ದಾರಿಯಲ್ಲಿ ಆಯ್ಕೆಯೇ ಉಳಿಯುವುದಿಲ್ಲ. ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣು ಕರಗಿ, ಮತ್ತೆ ಗಟ್ಟಿಯಾಗಿ ಡಾಂಬರು ಅಲೆಅಲೆಯಾಗಿ ಎದ್ದಿರುತ್ತದೆ. ರಭಸವಾಗಿ ಬಂದ ಟ್ರೇಲರಿನ ಅಚ್ಚು ಮುರಿಯಬಹುದು, ಒಳಗಿನ ಕಪಾಟು ಕಿತ್ತುಬರಬಹುದು. ದಿನಗಟ್ಟಲೆ ಎಲ್ಲರನ್ನೂ ಹಿಂದಿಕ್ಕಿ ಬಂದವರೂ ಇಲ್ಲಿ ಗಂಟೆಗೆ 50 ಕಿ.ಮೀ.ಗೆ ಇಳಿದು, ಬಿಸಿನೀರಿನಲ್ಲಿ ಎರಡು ದಿನ ಮಿಂದು ಬಂದವರ ಹಿಂದೆಯೇ ಸಾಲು ಹಿಡಿಯುತ್ತಾರೆ.