ಹೌ ಡು ಯು ಡು ಅಂದ್ರೆ ಹೌ ಡು ಯು ಡು

ನಮ್ಮಪ್ಪ ಮಲೆನಾಡಿನ ಒಂದು ಸಣ್ಣ ಊರಿನ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ರು. ಆಗೆಲ್ಲ ನಮಗೆ ಇಂಗ್ಲಿಷ್ ಶುರುವಾಗ್ತಿದ್ದದ್ದು ಐದನೇ ಕ್ಲಾಸಿಗೆ. ಎ ಬಿ ಸಿ ಡಿ ಮುಗಿದು, ದಿಸ್ ಈಸ್ ಎ ಪೆನ್ ಮುಗಿದು, ಆಮೇಲೆ ಬರ್ತಿತ್ತು ಅಪ್ಪನ ಅಚ್ಚುಮೆಚ್ಚಿನ ಪಾಠ. "ಯಾರಾದ್ರೂ ನಿಮಗೆ 'ಹೌ ಡು ಯು ಡು?' ಅಂದ್ರೆ ಏನನ್ಬೇಕು? ನೀವೂ 'ಹೌ ಡು ಯು ಡು' ಅನ್ಬೇಕು. ಅಷ್ಟೇ. ಐ ಆಮ್ ಫೈನ್ ಗೀನ್ ಅನ್ನಂಗಿಲ್ಲ. ಅದು ಪ್ರಶ್ನೆ ಅಲ್ಲ." ಪ್ರಶ್ನೆ ಅಲ್ಲದಿದ್ರೆ ಕೊನೇಲಿ ಪ್ರಶ್ನೆ ಚಿಹ್ನೆ ಯಾಕಿದೆ ಅಂತ ಕೇಳುವ ಧೈರ್ಯ ನಲವತ್ತು ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಮೇಷ್ಟ್ರ ಮಗನಾದ ನನಗಂತೂ ಮೊದಲೇ ಇರಲಿಲ್ಲ.

1986ರ ಮಳೆಗಾಲ ಅಂತ ನೆನಪು. ಅಪ್ಪ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳ್ತಾ ಬಂದ್ರು. ನನ್ನ ಪಕ್ಕ ಕೂರ್ತಿದ್ದ ಗೆಳೆಯನ ಸರದಿ ಬಂತು. "ಹೌ ಡು ಯು ಡು?" ಅವನು ಎದ್ದು ನಿಂತು ಮೆಲ್ಲಗೆ "ಜ್ವರ ಸಾರ್" ಅಂದ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅಪ್ಪ ತಮಾಷೆ ಮಾಡ್ತಿದಾನೆ ಅಂದ್ಕೊಂಡು ಅಂಗೈ ಮೇಲೆ ಸ್ಕೇಲಿನಲ್ಲಿ ಎರಡು ಬಾರಿಸಿದ್ರು. ಮಧ್ಯಾಹ್ನದ ಹೊತ್ತಿಗೆ ಹುಡುಗ ಬೆಂಚಿನ ಮೇಲೆ ತಲೆ ಇಟ್ಟು ಮಲಗಿಬಿಟ್ಟ. ಮುಟ್ಟಿದ್ರೆ ಮೈ ಕೆಂಡ.

ಅವತ್ತು ಸಂಜೆ ಅಪ್ಪ ಕೊಡೆ ಹಿಡ್ಕೊಂಡು ಅವನ ಮನೆಗೆ ಹೊರಟ್ರು, ಟಾರ್ಚ್ ಹಿಡಿಯೋಕೆ ನಾನು. ಗದ್ದೆ ಬದುವಿನ ಮೇಲೆ ಮುಕ್ಕಾಲು ಗಂಟೆ ದಾರಿ. ದಾರಿಯುದ್ದಕ್ಕೂ ಅಪ್ಪ ಒಂದು ಮಾತೂ ಆಡಲಿಲ್ಲ. ಅವನ ಅಮ್ಮ ನಮಗೆ ಕಷಾಯ ಕೊಟ್ರು. ಅಪ್ಪ ಕಂಬಳಿ ಹೊದ್ದು ಮಲಗಿದ್ದ ಅವನ ಹತ್ರ ಕೂತು, ಹಣೆ ಮುಟ್ಟಿ ನೋಡಿ, "ಹೆಂಗಿದೀಯೋ?" ಅಂದ್ರು. ಅವನು ಒಮ್ಮೆ ಅಪ್ಪನ್ನ ನೋಡಿದ, ಒಮ್ಮೆ ನನ್ನ ನೋಡಿದ. ಆಮೇಲೆ ಹುಷಾರಾಗಿ ಹೇಳಿದ, "ಹೌ ಡು ಯು ಡು, ಸಾರ್."

ಉತ್ತರ ಹೇಳಬಾರದ ಈ ಪ್ರಶ್ನೆ ಎಲ್ಲಿಂದ ಬಂತು ಅನ್ನುವ ಕುತೂಹಲ ನನಗೆ ಅಂಟಿಕೊಂಡಿದ್ದು ಅಲ್ಲಿಂದ. ಅದು ಕೆರಳಿದ್ದು 2006ರಲ್ಲಿ, ಕೆಲಸದ ಮೇಲೆ ಮೊದಲ ಸಲ ಇಂಗ್ಲೆಂಡಿಗೆ ಹೋದಾಗ. ಅಪ್ಪನ ಪಾಠ ಗಟ್ಟಿ ಮಾಡ್ಕೊಂಡೇ ಹೋಗಿದ್ದೆ. ಆದ್ರೆ ಅಲ್ಲಿ ಒಬ್ಬನೇ ಒಬ್ಬ "ಹೌ ಡು ಯು ಡು" ಅನ್ನಲಿಲ್ಲ! ಬದಲಿಗೆ ಆಫೀಸಿನಲ್ಲಿ ಎದುರು ಸಿಕ್ಕವರೆಲ್ಲ "ಯು ಆಲ್‌ರೈಟ್?" ಅಂತಿದ್ರು. ನನಗೋ ಗಾಬರಿ. ಮುಖ ಬಾಡಿದೆಯಾ? ಹುಷಾರಿಲ್ಲದವನ ಥರ ಕಾಣ್ತಿದೀನಾ? ಮೂರನೇ ದಿನ ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡ್ಕೊಂಡು ಬಂದೆ. ಅದೂ ಬರೀ ನಮಸ್ಕಾರ, ಅದಕ್ಕೂ "ಆಲ್‌ರೈಟ್" ಅಂದು ಮುಂದೆ ಹೋಗಬೇಕು ಅಂತ ಗೊತ್ತಾಗೋಕೆ ಒಂದು ವಾರ ಬೇಕಾಯ್ತು.

ಸರಿ, ಚರಿತ್ರೆಗೆ ಬರೋಣ.

ಮೊದಲು ಆ ಕೊನೆಯ "ಡು" ನೋಡಿ. ನಮಗೆ ಡು ಅಂದ್ರೆ ಮಾಡು. ಹಾಗಾಗಿ "ನೀನು ಹೇಗೆ ಮಾಡುತ್ತೀ?" ಅಂತ ಅರ್ಥ ಹಚ್ಚಿ ನಾವು ನಗ್ತಿದ್ವಿ. ಆದ್ರೆ ಇಂಗ್ಲಿಷಿನಲ್ಲಿ ಅದಕ್ಕೆ "ಇರು, ಬಾಳು, ಸಾಗು" ಅನ್ನುವ ಅರ್ಥವೂ ಹಿಂದಿನಿಂದ ಇದೆ. ಹೆರಿಗೆ ಆದ ಮೇಲೆ ಡಾಕ್ಟರು ಹೊರಗೆ ಬಂದು "ಮದರ್ ಅಂಡ್ ಬೇಬಿ ಆರ್ ಡೂಯಿಂಗ್ ವೆಲ್" ಅಂತಾರಲ್ಲ, ಅದೇ ಡು. ಫ್ರೆಂಚರು "ಹೇಗೆ ಹೋಗ್ತಾ ಇದೀರಿ" ಅಂತಾರೆ, ಜರ್ಮನ್ನರು "ನಿಮಗೆ ಹೇಗೆ ಹೋಗ್ತಾ ಇದೆ" ಅಂತಾರೆ, ಇಂಗ್ಲಿಷಿನವರು "ಹೇಗೆ ಮಾಡ್ತಾ ಇದೀರಿ" ಅಂತಾರೆ. ಎಲ್ಲ ಕಡೆಯೂ ಕೇಳೋದು ಬದುಕಿನ ಬಂಡಿ ಉರುಳ್ತಾ ಇದೆಯಾ ಅಂತಲೇ.

ಇನ್ನೂ ಒಂದು ವಿಷಯ ಇದೆ. ಹಳೇ ಇಂಗ್ಲಿಷಿನಲ್ಲಿ ಪ್ರಶ್ನೆ ಮಾಡೋಕೆ ಈಗಿನ ಹಾಗೆ ಡು ಸೇರಿಸಬೇಕಿರಲಿಲ್ಲ. ಕ್ರಿಯಾಪದವನ್ನೇ ಮುಂದೆ ತಂದರೆ ಸಾಕಿತ್ತು. ಹಾಗಾಗಿ ಆಗ ಕೇಳ್ತಿದ್ದದ್ದು ಬರೀ "ಹೌ ಡು ಯಿ?" ಒಂದೇ ಡು. ಆಮೇಲೆ ಪ್ರಶ್ನೆಗೆಲ್ಲ ಡು ಸೇರಿಸುವ ನಿಯಮ ಬಲವಾಗಿ, ಮೊದಲೇ ಒಂದು ಡು ಇದ್ದ ಈ ವಾಕ್ಯಕ್ಕೂ ಇನ್ನೊಂದು ಬಂದು ಸೇರಿಕೊಂಡಿತು. ಹಾಗಾಗಿ ಅಮೆರಿಕದ ಕೌಬಾಯ್ ಸಿನಿಮಾಗಳಲ್ಲಿ ಕೇಳುವ "ಹೌಡಿ" ಇದೆಯಲ್ಲ, ಅದು ಹಳ್ಳಿಗರು ಕೆಡಿಸಿದ "ಹೌ ಡು ಯು ಡು" ಅಲ್ಲ. ಅದರ ಅಜ್ಜ! ಒಂದೇ ಡು ಇದ್ದ ಕಾಲದ ಮಾತು ಸವೆದು ಹೌಡಿ ಆಗಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಅದು ಇವತ್ತಿಗೂ ಅಧಿಕೃತ ನಮಸ್ಕಾರ. ಅಂದ ಹಾಗೆ 2019ರ ಸೆಪ್ಟೆಂಬರ್ 22ರಂದು ಹ್ಯೂಸ್ಟನ್ನಿನಲ್ಲಿ "ಹೌಡಿ ಮೋದಿ" ಸಮಾವೇಶ ನಡೀತಲ್ಲ, ಅಲ್ಲಿ ಪ್ರಧಾನಿ ಆ ಹೆಸರನ್ನು ನಿಜವಾದ ಪ್ರಶ್ನೆ ಅಂತಲೇ ತಗೊಂಡು, ಭಾರತದ ಹಲವು ಭಾಷೆಗಳಲ್ಲಿ ಉತ್ತರ ಹೇಳಿದ್ರು. ಅದರಲ್ಲಿ ಕನ್ನಡದ "ಎಲ್ಲಾ ಚೆನ್ನಾಗಿದೆ"ಯೂ ಇತ್ತು. ಅಪ್ಪನ ಕ್ಲಾಸಿನಲ್ಲಾಗಿದ್ರೆ ಅದು ತಪ್ಪು ಉತ್ತರ :-)

ಇದು ಒಂದು ಕಾಲದಲ್ಲಿ ಅಪ್ಪಟ ಪ್ರಶ್ನೆಯೇ ಆಗಿತ್ತು ಅನ್ನೋದಕ್ಕೆ ನನಗೆ ಸಿಕ್ಕ ಸಾಕ್ಷಿಗಳಲ್ಲಿ ಅತ್ಯಂತ ಇಷ್ಟವಾದದ್ದು ಆಳುಗಳದ್ದು. ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಪರಿಚಿತರು ಯಾರಾದ್ರೂ ಕಾಯಿಲೆ ಬಿದ್ದರೆ, ಬೆಳಿಗ್ಗೆ ಒಬ್ಬ ಆಳನ್ನು ಅವರ ಮನೆಗೆ ಅಟ್ಟುತ್ತಿದ್ರು. ಅವನು ಬಾಗಿಲಲ್ಲಿ ನಿಂತು "ನಮ್ಮ ಯಜಮಾನರು ಹೌ ಡಿ ಯಿ ಅಂತ ಕೇಳ್ಕೊಂಡು ಬರೋಕೆ ಹೇಳಿದಾರೆ" ಅನ್ನಬೇಕು. ಆ ಮನೆಯ ಆಳು ಹೇಗಿದ್ದಾರೆ ಅಂತ ಹೇಳಬೇಕು. ಇವನು ಅದನ್ನು ಹೊತ್ಕೊಂಡು ವಾಪಸ್ ಬರಬೇಕು. ಇದು ಎಷ್ಟು ರೂಢಿಯಾಗಿತ್ತು ಅಂದ್ರೆ ಆ ಸಂದೇಶಕ್ಕೇ "ಹೌಡೀ" ಅಂತ ಹೆಸರಾಯ್ತು. ಗಲಿವರನ ಕಥೆ ಬರೆದ ಜೊನಾಥನ್ ಸ್ವಿಫ್ಟ್ ತಾನು ಸತ್ತಾಗ ಜನ ಏನೇನು ಮಾತಾಡ್ತಾರೆ ಅಂತ ತಾನೇ ಊಹಿಸಿ 1731ರಲ್ಲಿ ಒಂದು ಪದ್ಯ ಬರೆದ. ಅಚ್ಚಾಗಿದ್ದು 1739ರಲ್ಲಿ. ಅದರಲ್ಲಿ ದಿನಾ ಈ ಹೌಡೀಗಳು ಅವನ ಬಾಗಿಲಿಗೆ ಬರ್ತಾವೆ, ದಿನದಿನಕ್ಕೂ ಹದಗೆಡ್ತಾ ಇದೆ ಅಂತ ಆಳುಗಳು ಉತ್ತರ ಕೊಡ್ತಾರೆ. ಅವನು ಸಾಯ್ತಾನೆ ಅಂತ ಮೊದಲೇ ಭವಿಷ್ಯ ಹೇಳಿದವನಿಗೆ, ಅವನು ಬದುಕಿಬಿಟ್ಟರೆ ತನ್ನ ಮಾತು ಸುಳ್ಳಾಗುತ್ತಲ್ಲ ಅಂತ ಚಿಂತೆ! ಕೇಳೋದು ಶಾಸ್ತ್ರಕ್ಕಾಗ್ತಾ ಇದೆ ಅನ್ನೋದು ಸ್ವಿಫ್ಟನಿಗೆ ಆಗಲೇ ಗೊತ್ತಿತ್ತು ಅಂತ ಕಾಣುತ್ತೆ.

ಅದಕ್ಕೂ ನೂರಕ್ಕೆ ಮೇಲ್ಪಟ್ಟು ವರ್ಷ ಹಿಂದೆ ಹ್ಯಾಮ್ಲೆಟ್ ಇದಾನೆ. ಅಪ್ಪ ಸತ್ತಿದಾನೆ, ಅಮ್ಮ ಚಿಕ್ಕಪ್ಪನನ್ನ ಮದುವೆಯಾಗಿದಾಳೆ. ಇಷ್ಟು ದಿನ ಹೇಗಿದ್ದಿರಿ ಅಂತ ಒಫೀಲಿಯ ಕೇಳ್ತಾಳೆ. ಅವನು ಬಹಳ ವಿನಯದಿಂದ ಥ್ಯಾಂಕ್ಸ್ ಹೇಳಿ "ವೆಲ್" ಅಂತಾನೆ. ತಮಾಷೆ ಏನಂದ್ರೆ, ಮೊದಲು ಬಂದ ಕ್ವಾರ್ಟೊ ಮುದ್ರಣದಲ್ಲಿ ಒಂದೇ ಸಲ ವೆಲ್ ಇದೆ, 1623ರ ಫೋಲಿಯೊ ಮುದ್ರಣದಲ್ಲಿ ಮೂರು ಸಲ ಇದೆ. ಮೂರು ಸಲ ಚೆನ್ನಾಗಿದೀನಿ ಅಂದವನನ್ನ ಯಾರು ನಂಬ್ತಾರೆ ಹೇಳಿ!

ಆಮೇಲಿನ ದಿನಗಳಲ್ಲಿ ಮಾತು ಸವೆಯುತ್ತಾ ಬಂತು. 1885ರಲ್ಲಿ ಬಂದ ಗಿಲ್ಬರ್ಟ್ ಮತ್ತು ಸಲಿವನ್‌ರ "ದಿ ಮಿಕಾಡೊ" ಸಂಗೀತ ನಾಟಕದಲ್ಲಿ ಇದೇ ಮಾತು "ಒಳ್ಳೇ ಪೇಚಾಟಕ್ಕೆ ಬಂತಲ್ಲ" ಅನ್ನೋ ಅರ್ಥದಲ್ಲಿ ಒಂದು ಹಾಡಿನ ಪಲ್ಲವಿಯೇ ಆಯ್ತು. ಬರ್ನಾರ್ಡ್ ಶಾನ "ಪಿಗ್ಮೇಲಿಯನ್" ನಾಟಕವಂತೂ (ಮೊದಲ ಪ್ರಯೋಗ 1913ರಲ್ಲಿ ವಿಯೆನ್ನಾದಲ್ಲಿ, ಜರ್ಮನ್ನಿನಲ್ಲಿ) ನಮ್ಮ ಕ್ಲಾಸಿನ ಕಥೆಯೇ. ಹೂ ಮಾರುವ ಹುಡುಗಿ ಎಲೈಜಾಳಿಗೆ ಪ್ರೊಫೆಸರ್ ಹಿಗ್ಗಿನ್ಸ್ ದೊಡ್ಡವರ ಇಂಗ್ಲಿಷ್ ಕಲಿಸಿ ತನ್ನ ತಾಯಿಯ ಮನೆಗೆ ಕರೆಸ್ತಾನೆ. ಎರಡೇ ವಿಷಯ ಮಾತಾಡು ಅಂತ ಕಟ್ಟಪ್ಪಣೆ: ಹವಾಮಾನ, ಮತ್ತೆ ಆರೋಗ್ಯ. ಅವಳು "ಹೌ ಡು ಯು ಡು"ವನ್ನ ಒಂದು ಅಕ್ಷರವೂ ಜಾರದ ಹಾಗೆ ಹೇಳ್ತಾಳೆ. ಆದ್ರೆ ಆರೋಗ್ಯದ ವಿಷಯ ಬಂದಾಗ ಅದು ನಿಜಕ್ಕೂ ಆರೋಗ್ಯದ ವಿಷಯ ಅಂತ ನಂಬಿಬಿಡ್ತಾಳೆ! ಚಿಕ್ಕಮ್ಮ ಇನ್‌ಫ್ಲುಯೆಂಜಾದಲ್ಲಿ ಸತ್ತಳು ಅಂತಾರೆ, ನನಗೇನೋ ಯಾರೋ ಮುಗಿಸಿದಾರೆ ಅಂತ ಅನುಮಾನ ಅಂತ ಶುರು ಮಾಡ್ತಾಳೆ. ಪ್ರೇಕ್ಷಕರೆಲ್ಲ ಬಿದ್ದು ಬಿದ್ದು ನಗುವ ಜಾಗ ಅದು. ನನಗೆ ಮಾತ್ರ ಅಲ್ಲಿ "ಜ್ವರ ಸಾರ್" ಕೇಳಿಸುತ್ತೆ.

ನಗು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಿದ್ದು ಅಲನ್ ರಾಸ್ ಅನ್ನುವ ಭಾಷಾಶಾಸ್ತ್ರದ ಪ್ರೊಫೆಸರನ ಲೇಖನದ ಬಗ್ಗೆ ಓದಿದಾಗ. ಇವನು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವನು. 1954ರಲ್ಲಿ ಫಿನ್ಲೆಂಡಿನ ಒಂದು ವಿದ್ವತ್ ಪತ್ರಿಕೆಯಲ್ಲಿ, ಇಂಗ್ಲೆಂಡಿನ ಮೇಲ್ವರ್ಗದವರನ್ನು ಮಾತಿನಿಂದಲೇ ಗುರುತು ಹಿಡಿಯೋದು ಹೇಗೆ ಅಂತ ಬರೆದ. ಮೇಲಿನವರು "ಯು", ಉಳಿದವರು "ನಾನ್ ಯು". ಅವನ ಪಟ್ಟಿಯಲ್ಲಿ ನಮ್ಮ ವಾಕ್ಯವೂ ಇದೆ. "ಹೌ ಡು ಯು ಡು" ಅಂದಾಗ ಮೇಲಿನವರು ಅದನ್ನೇ ತಿರುಗಿ ಹೇಳ್ತಾರೆ. "ಚೆನ್ನಾಗಿದೀನಿ, ಥ್ಯಾಂಕ್ಯೂ" ಅಂತ ಉತ್ತರ ಕೊಟ್ಟರೆ ಅವನು ನಾನ್ ಯು! ಮುಂದಿನ ವರ್ಷ ಕಾದಂಬರಿಗಾರ್ತಿ ನ್ಯಾನ್ಸಿ ಮಿಟ್‌ಫರ್ಡ್ ಇದನ್ನೆತ್ತಿಕೊಂಡು "ಎನ್‌ಕೌಂಟರ್" ಪತ್ರಿಕೆಯಲ್ಲಿ ಬರೆದ ಮೇಲೆ ಇಂಗ್ಲೆಂಡಿನಲ್ಲೆಲ್ಲ ಇದೇ ಮಾತಾಯ್ತು.

ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಪ್ರಶ್ನೆಗೆ ಉತ್ತರ ಕೊಟ್ಟವನು ಕೆಳಗಿನವನು. ಮನೆಯ ಒಳಗೆ ಯಾರು, ಹೊರಗೆ ಯಾರು ಅಂತ ತೋರಿಸುವ ಬಾಗಿಲ ಚಿಲಕ ಅದು. ಇಂಗ್ಲೆಂಡಿನ ಒಂದು ಸಣ್ಣ ಗುಂಪಿನ ಈ ಕಟ್ಟಳೆ ಎಲ್ಲೆಲ್ಲೋ ಸುತ್ತಿ, ಯಾವುದೋ ಪುಸ್ತಕದಲ್ಲಿ ಕೂತು, ಅಪ್ಪನ ಕೈಗೆ ಬಂದು, ಅಡಿಕೆ ತೋಟದ ನಡುವಿನ ಹೆಂಚಿನ ಶಾಲೆಯಲ್ಲಿ ಒಬ್ಬ ಹುಡುಗನ ಅಂಗೈ ಮೇಲೆ ಬಿತ್ತು. ಅಪ್ಪ ಜೀವಮಾನದಲ್ಲಿ ಒಬ್ಬ ಇಂಗ್ಲಿಷಿನವನ ಜೊತೆ ಮಾತಾಡಿದವರಲ್ಲ.

ಹಾಗಂತ "ಇಂಗ್ಲಿಷಿನವರು ಬೂಟಾಟಿಕೆಯವರು, ಕೇಳ್ತಾರೆ ಆದ್ರೆ ಉತ್ತರ ಬೇಡ" ಅಂತ ನಮ್ಮವರು ಮೂಗು ಮುರಿಯೋದನ್ನ ನಾನು ಒಪ್ಪಲ್ಲ. ಪೋಲೆಂಡಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಲ್ಲಿನವರ ಜೊತೆ ಇದ್ದು ಬಂದವನು. ಅವನು 1923ರಲ್ಲೇ ಬರೆದ, ಕೆಲವು ಮಾತುಗಳ ಕೆಲಸ ಸುದ್ದಿ ಮುಟ್ಟಿಸೋದಲ್ಲ, ಇಬ್ಬರ ನಡುವೆ ಗಂಟು ಹಾಕೋದು ಅಂತ. ಇಂಗ್ಲಿಷಿನವರು ಹವಾಮಾನದ ಮಾತೆತ್ತುತ್ತಾರೆ, ಆ ದ್ವೀಪಗಳ ಕಡೆಯವರು ಎಲ್ಲಿಂದ ಬಂದೆ ಅಂತ ಕೇಳ್ತಾರೆ. ನಾವು? "ಎಂತ, ಪೇಟೆಗಾ?" ಅಂತ ಕೇಳೋ ನಮ್ಮೂರಿನವರಿಗೆ ನಾನು ಪೇಟೆಗೆ ಹೋದ್ರೆಷ್ಟು ಬಿಟ್ರೆಷ್ಟು? "ಊಟ ಆಯ್ತಾ?" ಅಂದಾಗ ಆಗಿಲ್ಲದಿದ್ರೂ ಆಯ್ತು ಅಂತೀವಿ. "ಆರಾಮಾ?" ಅಂದ್ರೆ ಆರಾಮ, "ಉಷಾರಾ?" ಅಂದ್ರೆ ಉಷಾರು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಬಂದವರ ಕ್ಷೇಮ ವಿಚಾರಿಸದ, ಕೂರಿ ಅನ್ನದ ಬಿಗುಮಾನದವರ ಮೇಲೆ ಒಂದು ವಚನವನ್ನೇ ಹೇಳಿದಾರೆ. ಅಲ್ಲಿ ಅವರು ಕೋಪ ಮಾಡ್ಕೊಂಡಿರೋದು ಶಾಸ್ತ್ರಕ್ಕೆ ಕೇಳಿದವರ ಮೇಲಲ್ಲ, ಅಷ್ಟನ್ನೂ ಕೇಳದವರ ಮೇಲೆ.

ಮಾತು ಸವೆಯೋದು ತಪ್ಪಲ್ಲ ಅನ್ಸುತ್ತೆ ನನಗೆ. ಹೌ ಡು ಯು ಡು ಸವೆಯಿತು, ಹೌ ಆರ್ ಯು ಬಂತು. ಅದೂ ಸವೆದು ಆಲ್‌ರೈಟ್ ಬಂತು. ಈಗ ನಿಜವಾಗಲೂ ಕೇಳಬೇಕು ಅಂದ್ರೆ "ನೋ, ಹೌ ಆರ್ ಯು ರಿಯಲಿ?" ಅಂತ ಎರಡನೇ ಸಲ ಕೇಳ್ತಾರೆ. ಅದೂ ಸವೆಯುತ್ತೆ, ಕಾಯಬೇಕು ಅಷ್ಟೇ.

2014ರಲ್ಲಿ ಅಪ್ಪನಿಗೆ ತೀರಾ ಹುಷಾರು ತಪ್ಪಿ ಆಸ್ಪತ್ರೆ ಸೇರಿದಾಗ ನಾನು ಮತ್ತೆ ಇಂಗ್ಲೆಂಡಿನಲ್ಲೇ ಇದ್ದೆ. ರಜೆ ಸಿಕ್ಕಿ ಹೊರಡೋಕೆ ಒಂಬತ್ತು ದಿನ ಹಿಡೀತು. ಆ ಒಂಬತ್ತು ದಿನವೂ ಆಫೀಸಿನಲ್ಲಿ ಎಲ್ಲರೂ "ಆಲ್‌ರೈಟ್?" ಅಂದ್ರು, ನಾನೂ "ಆಲ್‌ರೈಟ್" ಅಂದೆ. ನಿಜ ಹೇಳ್ಬೇಕಂದ್ರೆ ಅದು ನನಗೆ ಉಪಕಾರವೇ ಆಯ್ತು. ಪ್ರತಿಯೊಬ್ಬರಿಗೂ ವಿವರ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ವಿವರ ಬರ್ತಿದ್ದದ್ದು ಊರಿಂದ. ಜ್ವರದ ಹುಡುಗ ಈಗ ಅಡಿಕೆ ವ್ಯಾಪಾರ ಮಾಡ್ತಾನೆ. ದಿನಾ ಬೆಳಿಗ್ಗೆ ಅಂಗಡಿ ತೆರೆಯೋ ಮೊದಲು ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಬಂದು ನನಗೆ ಫೋನ್ ಮಾಡ್ತಿದ್ದ. ನಾಲ್ಕನೇ ದಿನವೋ ಐದನೇ ದಿನವೋ ಹೇಳಿದ, "ಮಾರಾಯ, ಇವತ್ತು ಹೋದವನೇ ಜೋರಾಗಿ ಹೌ ಡು ಯು ಡು ಸಾರ್ ಅಂದೆ. ಕಣ್ಣು ಬಿಟ್ಟು ಹೌ ಡು ಯು ಡು ಅಂದ್ರು. ಪೂರ್ತಿ ಅಂದ್ರು." ಆಮೇಲೆ ದನಿ ತಗ್ಗಿಸಿ, "ಆದ್ರೆ ರಾತ್ರಿ ಜ್ವರ ನೂರಾಮೂರಿತ್ತಂತೆ. ಇಡ್ಲಿ ಅರ್ಧವೂ ತಿಂದಿಲ್ಲ. ನೀ ಬೇಗ ಹೊರಟು ಬಾ" ಅಂದ.

ನಾನು ಬಂದು ಸೇರಿದ ಮೇಲೆ ಅಪ್ಪ ಮೂರು ದಿನ ಇದ್ರು.

ನಿಮ್ಮ ಕಡೆ ಎದುರು ಸಿಕ್ಕವರಿಗೆ ಮೊದಲ ಮಾತು ಏನು ಕೇಳ್ತೀರಿ? ಕಲ್ಯಾಣ ಕರ್ನಾಟಕದ ಕಡೆಯವರು, ಕೊಡಗಿನವರು, ಕುಂದಾಪುರದವರು ಯಾರಾದ್ರೂ ಇದ್ದರೆ ದಯವಿಟ್ಟು ಬರೀರಿ. ಅದಕ್ಕೆ ಏನು ಉತ್ತರ ಕೊಡ್ಬೇಕು, ಏನು ಕೊಡಬಾರದು ಅನ್ನೋದನ್ನೂ ಸೇರಿಸಿ.