ದೋಣಿಯೊಳಗೊಂದು ಕೊಳ

ದೋಣಿ ಕಟ್ಟುವವನ ವಿದ್ಯೆಯೆಲ್ಲ ನೀರನ್ನು ಹೊರಗಿಡುವುದರಲ್ಲಿದೆ. ಹಲಗೆಗೆ ಹಲಗೆ ಕೂಡಿಸಿ, ಸಂದುಗಳಿಗೆ ನಾರು ತುರುಕಿ, ಎಣ್ಣೆ ಬಳಿದು, ಕಡಲಿನ ಒಂದು ಹನಿಯೂ ಒಳನುಗ್ಗದಂತೆ ಅವನು ಕಾವಲು ಕಟ್ಟುತ್ತಾನೆ. ಅಂಥವನೇ ತಾನು ಕಟ್ಟಿದ ದೋಣಿಯ ತಳಕ್ಕೆ ತಿಳಿದೂ ತಿಳಿದೂ ತೂತು ಕೊರೆದನೆಂದರೆ ನಂಬುವುದು ಕಷ್ಟ. ಹಿಡಿದ ಮೀನನ್ನು ಜೀವಸಹಿತ ದಡಕ್ಕೆ ತರಬೇಕೆಂಬ ಆಸೆ ಅವನಿಂದ ಈ ಕೆಲಸ ಮಾಡಿಸಿತು. ದೋಣಿಯ ಒಡಲಿನಲ್ಲಿ ಕಟ್ಟಿದ ಈ ಮೀನುತೊಟ್ಟಿಯ ಇತಿಹಾಸ ಸಣ್ಣದೆಂದು ತೋರಿದರೂ, ಅದರಲ್ಲಿ ನಮಗೊಂದು ಪಾಠವಿದೆಯೆಂದು ನನ್ನ ಭಾವನೆ.

ರೋಮ್ ನಗರದ ಬಳಿ ಫಿಯುಮಿಚಿನೊ ಎಂಬಲ್ಲಿ 1950ರ ದಶಕದ ಕೊನೆಗೆ ವಿಮಾನ ನಿಲ್ದಾಣಕ್ಕಾಗಿ ನೆಲ ಅಗೆಯುತ್ತಿದ್ದರು. ಕ್ಲಾಡಿಯಸ್ ಚಕ್ರವರ್ತಿ ಕಟ್ಟಿಸಿದ ಬಂದರು ಹೂತುಹೋಗಿದ್ದ ಜಾಗವದು. ಅಲ್ಲಿ ದೊರೆತ ಹಳೆಯ ಹಡಗುಗಳ ನಡುವೆ ಒಂದು ಪುಟ್ಟ ಮೀನುದೋಣಿಯಿತ್ತು. ಅದರ ನಡುಭಾಗದಲ್ಲಿ ಹಲಗೆಯ ತೊಟ್ಟಿ. ತೊಟ್ಟಿಯ ತಳದಲ್ಲಿ ಬೆಣೆ ಹಾಕಿ ಮುಚ್ಚಬಹುದಾದ ತೂತುಗಳು. ಬೆಣೆ ಕಿತ್ತರೆ ಕಡಲ ನೀರು ಒಳಬರುತ್ತದೆ, ತೊಟ್ಟಿಯ ಗೋಡೆಯಾಚೆಗೆ ದೋಣಿ ಒಣಗಿಯೇ ಇರುತ್ತದೆ. ಸಿರಿವಂತ ರೋಮನರ ಊಟಕ್ಕಾಗಿ ದೂರದ ಕಡಲಿನಿಂದ ಇಂಥ ತೊಟ್ಟಿಯ ಹಡಗುಗಳಲ್ಲಿ ಮೀನು ತಂದು ಇಟಲಿಯ ತೀರದಲ್ಲಿ ಬಿಟ್ಟ ಸಂಗತಿಯನ್ನು ಮ್ಯಾಕ್ರೋಬಿಯಸ್ ಎಂಬ ಲೇಖಕ ಬರೆದಿಟ್ಟಿದ್ದಾನೆ.

ಬಹುಕಾಲದ ಮೇಲೆ ಡಚ್ಚರ ದೋಣಿಗಳಲ್ಲಿ ಈ ತೊಟ್ಟಿ ಮನೆಮಾತಾಯಿತು. ಇಂಗ್ಲೆಂಡಿನ ಹಾರ್ವಿಚ್ ಬಂದರಿಗೆ ಅದು 1712ರಲ್ಲಿ ಬಂತೆನ್ನುತ್ತಾರೆ. ಉತ್ತರ ಸಮುದ್ರದ ಆಳದಿಂದ ಗಾಳದಲ್ಲಿ ಎತ್ತಿದ ಕಾಡ್ ಮೀನು ಲಂಡನ್ನಿನ ಪೇಟೆಗೆ ಬದುಕಿ ತಲುಪಬೇಕಿತ್ತು. ಆಳದಿಂದ ಮೇಲೆ ಬಂದಾಗ ಅದರ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ ಮೀನು ಮಗುಚಿ ತೇಲುತ್ತದೆ. ಆದ್ದರಿಂದ ಬೆಸ್ತರು ಸೂಜಿಯಿಂದ ಚೀಲವನ್ನು ಚುಚ್ಚಿ ತೊಟ್ಟಿಗೆ ಬಿಡುತ್ತಿದ್ದರು. ಥೇಮ್ಸ್ ನದಿಯಲ್ಲಿ ಗ್ರೇವ್ಸೆಂಡಿನಿಂದ ಮೇಲೆ ಹೋಗುವಂತಿರಲಿಲ್ಲ. ಅಲ್ಲಿಂದಾಚೆಯ ಸಿಹಿನೀರು ತೊಟ್ಟಿಗೆ ನುಗ್ಗಿದರೆ ಕಡಲಿನ ಮೀನು ಉಳಿಯದು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮಂಜುಗಡ್ಡೆಯೂ ರೈಲೂ ಕೈಜೋಡಿಸಿದವು. ಸತ್ತ ಮೀನೂ ಕೆಡದೆ ಊರು ತಲುಪುವಂತಾದ ಮೇಲೆ ಆ ತೊಟ್ಟಿಗಳು ಕ್ರಮೇಣ ಮರೆಯಾದವು.

ಈ ದೋಣಿಗಳಲ್ಲೆಲ್ಲ ತೊಟ್ಟಿ ಇದ್ದದ್ದು ನಡುವಿನಲ್ಲಿ. ಅದಕ್ಕೆ ಕಾರಣವುಂಟು. ನೀರಿನ ಭಾರ ನಡುವಿನಲ್ಲಿದ್ದರೆ ದೋಣಿ ಸಮತೂಕದಲ್ಲಿರುತ್ತದೆ. ಹಿಂತುದಿಯಲ್ಲಿಟ್ಟರೆ ಚುಕ್ಕಾಣಿಯ ಕಡೆ ಕುಗ್ಗಿ ಮೂತಿ ಮೇಲೇಳುತ್ತದೆ. ಅಲೆಯ ಏರಿಳಿತವೂ ತುದಿಯಲ್ಲೇ ಹೆಚ್ಚು. ಹಾಗಿದ್ದೂ ತೊಟ್ಟಿ ಹಿಂತುದಿಗೆ ಹೋದ ಕಾಲವೊಂದು ಬಂತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ಯಾಲಿಫೋರ್ನಿಯದ ತೀರದಲ್ಲಿ ಟ್ಯೂನಾ ಮೀನನ್ನು ಡಬ್ಬಿಯಲ್ಲಿ ತುಂಬಿ ಮಾರುವ ಉದ್ಯಮ ಬೆಳೆಯಿತು. ಟ್ಯೂನಾ ಹಿಡಿಯಲು ಬದುಕಿರುವ ಕಿರುಮೀನು ಬೇಕು. ಬೂತಾಯಿ ಜಾತಿಯ ಮೀನುಗಳನ್ನು ಹಿಡಿಹಿಡಿಯಾಗಿ ಕಡಲಿಗೆರಚಿದರೆ ಟ್ಯೂನಾ ಹಿಂಡು ಕೆರಳಿ ಹಡಗಿನ ಬಳಿಗೆ ಬರುತ್ತದೆ. ಬೆಸ್ತರು ಸಾಲಾಗಿ ನಿಂತು ಕೋಲುಗಾಳದಿಂದ ಒಂದೊಂದನ್ನೇ ಎತ್ತಿ ಹಿಂದಕ್ಕೆ ಒಗೆಯುತ್ತಾರೆ. ಇಲ್ಲಿ ತೊಟ್ಟಿಯಲ್ಲಿ ಬದುಕಿರುವುದು ಮಾರುವ ಮೀನಲ್ಲ, ಎರೆಯ ಮೀನು. ಬೆಸ್ತರು ನಿಲ್ಲುವುದು ಹಿಂಭಾಗದಲ್ಲಾದ್ದರಿಂದ ತೊಟ್ಟಿಯೂ ಅಲ್ಲಿಗೇ ಬಂತು. ಎಂಜಿನ್ನಿನ ಪಂಪು ನೀರೆತ್ತಿ ಕೊಡುತ್ತಿದ್ದುದರಿಂದ ತಳಕ್ಕೆ ತೂತು ಕೊರೆಯುವ ಅಗತ್ಯವೂ ತಪ್ಪಿತು. ಆದರೆ ಪಂಪು ನಿಂತರೆ ತೊಟ್ಟಿಯ ಮೀನು ಸಾಯುತ್ತಿತ್ತು. ತೊಟ್ಟಿ ಬರಿದಾದರೆ ಬೇಟೆಯೂ ಅಲ್ಲಿಗೇ ಮುಗಿಯುತ್ತಿತ್ತು. ಮನುಷ್ಯನ ಆಸೆಗೆ ಆ ಕೊಳವೇ ಎಲ್ಲೆಯಾಗಿತ್ತು.

ಆ ಎಲ್ಲೆ ಹೆಚ್ಚು ಕಾಲ ನಿಲ್ಲಲಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ನೈಲಾನ್ ಬಲೆಯೂ ಅದನ್ನೆಳೆಯುವ ಯಂತ್ರರಾಟೆಯೂ ಬಂದವು. ಒಡೆಯರು ಹಿಂಭಾಗದ ತೊಟ್ಟಿಯನ್ನು ಕಿತ್ತುಹಾಕಿ ಅದೇ ಜಾಗದಲ್ಲಿ ಬಲೆಯನ್ನು ರಾಶಿ ಹಾಕಿದರು. ಪೂರ್ವ ಪೆಸಿಫಿಕ್ ಸಾಗರದಲ್ಲಿ ಒಂದು ಜಾತಿಯ ಟ್ಯೂನಾ ಡಾಲ್ಫಿನ್ ಹಿಂಡಿನ ಕೆಳಗೇ ಈಜುತ್ತದೆ. ಆ ಹಿಂಡಿಗೇ ಬಲೆ ಸುತ್ತಿದಾಗ ಲಕ್ಷಗಟ್ಟಲೆ ಡಾಲ್ಫಿನ್‌ಗಳು ಉಸಿರುಕಟ್ಟಿ ಸತ್ತವು. ಕಡಲಿನ ಸಸ್ತನಿಗಳ ರಕ್ಷಣೆಗೆ ಅಮೆರಿಕ 1972ರಲ್ಲಿ ಶಾಸನ ಮಾಡಬೇಕಾಯಿತು.

ಹಳೆಯ ಕ್ರಮವನ್ನು ನೋಡಬೇಕಾದರೆ ನಾವು ದೂರ ಹೋಗಬೇಕಿಲ್ಲ. ನಮ್ಮ ಮಂಗಳೂರಿನ ಹಳೆಯ ಬಂದರಿಗೂ ಲಕ್ಷದ್ವೀಪಕ್ಕೂ ಬಹುಕಾಲದ ವ್ಯಾಪಾರವಿದೆ. ಅಲ್ಲಿನ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಲಕ್ಷದ್ವೀಪದ ದಕ್ಷಿಣದ ತುದಿಯಲ್ಲಿ ಮಿನಿಕಾಯ್ ಇದೆ. ಅಲ್ಲಿನ ಮೀನುದೋಣಿಯ ಹೆಸರು ‘ಮಾಸ್ ಓಡಿ’. ಕೇಳಿದೊಡನೆ ನಮ್ಮ ‘ಓಡ’ ನೆನಪಿಗೆ ಬರುತ್ತದೆ. ಅದರ ತೊಟ್ಟಿಗೆ ತಳದ ತೂತಿನಿಂದ ನೀರು ಬರುತ್ತಿತ್ತು. ಹೆಚ್ಚಾದ ನೀರನ್ನು ಆಳುಗಳು ಬಿಡುವಿಲ್ಲದೆ ಮೊಗೆದು ಚೆಲ್ಲುತ್ತಿದ್ದರು. ಅವರ ತೋಳೇ ಪಂಪು. ಮುಂಜಾವದಲ್ಲಿ ಹವಳದ ಬಂಡೆಗಳ ನಡುವೆ ಕಿರುಮೀನು ಹಿಡಿದು, ತೊಟ್ಟಿಯಲ್ಲಿ ಕಾಪಾಡಿ, ಹೊರಗಡಲಿಗೆ ಹೋಗಿ, ಕೋಲುಗಾಳದಲ್ಲಿ ಟ್ಯೂನಾ ಹಿಡಿಯುವುದು ಅವರ ವೃತ್ತಿ. 1960ರ ದಶಕದಿಂದ ಅಲ್ಲಿಗೂ ಯಂತ್ರದೋಣಿ ಬಂದಿದೆ. ಆದರೂ ಒಂದು ಗಾಳಕ್ಕೆ ಒಂದೇ ಮೀನು ಎಂಬ ಲೆಕ್ಕ ಬದಲಾಗಿಲ್ಲ. ಹವಳದ ಬಂಡೆ ಸೊರಗಿ ಕಿರುಮೀನು ಸಿಗದ ದಿನ ದೋಣಿ ದಡದಲ್ಲೇ ಉಳಿಯುತ್ತದೆ.

ಇದನ್ನು ಬಡತನದ ಬೇಟೆಯೆಂದು ಕರೆಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ದೊಡ್ಡ ಮೀನು ಬೇಕಾದವನು ಸಣ್ಣ ಮೀನಿನ ಉಸಿರನ್ನು ಕಾಯಬೇಕು. ಅದಕ್ಕಾಗಿ ಕಡಲಿಗೆ ತನ್ನ ದೋಣಿಯಲ್ಲೇ ಒಂದಿಷ್ಟು ಎಡೆ ಕೊಡಬೇಕು. ಆ ಎಡೆಯನ್ನೂ ಬಲೆಗೆ ಒಪ್ಪಿಸಿದರೆ ಆಗುವ ನಷ್ಟವೆಷ್ಟೆಂಬುದನ್ನು ಪೆಸಿಫಿಕ್ ಸಾಗರ ಈಗಾಗಲೇ ಕಂಡಿದೆ.