ದಿನಕ್ಕೊಂದು ಇಂಗ್ಲಿಷ್ ಪದ, ಐರಣಿ ದಂಡೆಯಿಂದ

ರಾಣೆಬೆನ್ನೂರು ತಾಲ್ಲೂಕಿನ ಐರಣಿ ತುಂಗಭದ್ರೆಯ ದಂಡೆ ಮೇಲಿನ ಊರು. ಹಳೇ ಕೋಟೆ ಇದೆ, ಹೊಳೆಮಠ ಇದೆ. ಅದೇ ಹೆಸರಿನ ಇನ್ನೊಂದು ವಸ್ತು ನಮ್ಮ ಉತ್ತರ ಕರ್ನಾಟಕದ ಮದುವೆ ಮನೆಗಳಲ್ಲಿ ಸಿಗುತ್ತದೆ: ಕುಂಬಾರರ ಮನೆಯಿಂದ ಬಾಜಾಬಜಂತ್ರಿ ಸಮೇತ ತರುವ, ಬಣ್ಣ ಬರೆದ ಐರಣಿ ಗಡಿಗೆ. (ಊರಿಗೂ ಗಡಿಗೆಗೂ ನಂಟು ಕಟ್ಟುವ ಸಾಹಸಕ್ಕೆ ನಾನು ಹೋಗುವುದಿಲ್ಲ!) ಈಗ ಈ ಐರಣಿಗೆ ಇಂಗ್ಲಿಷಿನಲ್ಲಿ ಒಂದೇ ಒಂದು ಪದ ಹೇಳಿ ನೋಡೋಣ. 'ಪಾಟ್' ಅಂದರೆ ಗಡಿಗೆ ಬಂತು, ಮದುವೆ ಹೋಯಿತು.

ದಿನಕ್ಕೊಂದು ಇಂಗ್ಲಿಷ್ ಪದ ಕಲಿಯಿರಿ, ವರ್ಷಕ್ಕೆ 365 ಆಗುತ್ತದೆ ಅನ್ನುವ ಉಪದೇಶವನ್ನು ನಾವೆಲ್ಲ ಕೇಳಿದವರೇ. ಅಮೆರಿಕದಲ್ಲಿ ಇದು ದೊಡ್ಡ ಹುಚ್ಚು. ವಿಲ್ಫ್ರೆಡ್ ಫಂಕ್ 1945ರಲ್ಲಿ ರೀಡರ್ಸ್ ಡೈಜೆಸ್ಟಿನಲ್ಲಿ ಪದಸಂಪತ್ತಿನ ಅಂಕಣ ಶುರು ಮಾಡಿದ. ನಮ್ಮ ಫುಟ್‌ಪಾತುಗಳ ಮೇಲೆ ಧೂಳು ತಿನ್ನುತ್ತ ಕೂತಿರುವ ನಾರ್ಮನ್ ಲೂಯಿಸ್‌ನ 'ವರ್ಡ್ ಪವರ್ ಮೇಡ್ ಈಸಿ' ಬಂದದ್ದು 1949ರಲ್ಲಿ. ದಿನಾ ಒಂದು ಪದವನ್ನು ಇಮೇಲಿನಲ್ಲಿ ಕಳಿಸುವ ಪದ್ಧತಿಯನ್ನು 1994ರಲ್ಲಿ ಆರಂಭಿಸಿದ್ದು ಭಾರತದಿಂದ ಹೋದ ಅನು ಗರ್ಗ್. ಆದರೆ ಇವರ ಓದುಗರಲ್ಲಿ ಹೆಚ್ಚಿನವರಿಗೆ ಇಂಗ್ಲಿಷು ಮೊದಲೇ ಬರುತ್ತಿತ್ತು. ಇದ್ದ ಮನೆಗೆ ಮಹಡಿ ಕಟ್ಟುವ ಕೆಲಸ ಅದು. ನಮ್ಮಲ್ಲಿ ಪಾಯವೇ ಇಲ್ಲದವರ ಕೈಗೆ ಅದೇ ಇಟ್ಟಿಗೆ ಕೊಟ್ಟರು.

ಇತಿಹಾಸ ತಿರುವಿ ಹಾಕಿದರೆ ಒಂದು ತಮಾಷೆ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಮೊದಲು ದಿನಕ್ಕೊಂದು ಪದ ಅಂತ ಕಷ್ಟಪಟ್ಟು ಕಲಿತವರು ನಾವಲ್ಲ, ಬಿಳಿಯರು!

1800ರ ಜೂನಿನಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ತುಂಗಭದ್ರೆ ದಾಟಿ ಬಂದ ಕರ್ನಲ್ ವೆಲ್ಲೆಸ್ಲಿ ರಾಣೆಬೆನ್ನೂರು ಕೋಟೆಗೆ ಲಗ್ಗೆ ಹಾಕಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಆಗ ಬಂದ ಇಂಗ್ಲಿಷು ತೋಪಿನ ಭಾಷೆ, ಅದಕ್ಕೆ ನಿಘಂಟು ಬೇಕಿರಲಿಲ್ಲ. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದು ಈ ಸೀಮೆ ಕಂಪನಿಯ ಕೈಗೆ ಬಿತ್ತು. ಪೇಚಾಟ ಶುರುವಾದದ್ದು ಗೆದ್ದವರಿಗೆ. ಕಂದಾಯ ಕೇಳಲು ಕನ್ನಡ ಬೇಕು, ಫಿರ್ಯಾದಿ ಕೇಳಲು ಕನ್ನಡ ಬೇಕು, ಮಿಷನರಿಗಳಿಗಂತೂ ಕನ್ನಡವಿಲ್ಲದೆ ಬಾಯೇ ಇಲ್ಲ. ಹೊಳೆಯಾಚೆ ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ತಂದ.

ಆಮೇಲೆ ಕಿಟೆಲ್. ಜರ್ಮನಿಯ ಈ ಮನುಷ್ಯ 1853ರಲ್ಲಿ ಇಲ್ಲಿಗೆ ಬಂದ, ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದಗಳು. ಸುಮ್ಮನೆ ಒಂದು ಲೆಕ್ಕ ಹಾಕಿದೆ. 41 ವರ್ಷ ಅಂದರೆ ಹತ್ತಿರ ಹತ್ತಿರ 15,000 ದಿನ. ದಿನಕ್ಕೆ ನಾಲ್ಕೂವರೆ ಪದಕ್ಕಿಂತ ಜಾಸ್ತಿ, ಒಂದು ಭಾನುವಾರವನ್ನೂ ಬಿಡದೆ! (ದಿನಕ್ಕೊಂದರ ಲೆಕ್ಕದಲ್ಲಾದರೆ 191 ವರ್ಷ ದಾಟುತ್ತದೆ.) ಆ ಪುಸ್ತಕ ತೆರೆದರೆ ಪದದ ಜೊತೆಗೆ ಗಾದೆ ಇರುತ್ತದೆ, ಹಳೇ ಕಾವ್ಯದ ಪ್ರಯೋಗ ಇರುತ್ತದೆ, ಪಕ್ಕದ ದ್ರಾವಿಡ ಭಾಷೆಗಳ ನೆಂಟರಿರುತ್ತಾರೆ. ಯಾವ ಪದವೂ ಒಂಟಿಯಾಗಿ ನಿಂತಿಲ್ಲ. ಕಿಟೆಲ್ ಕನ್ನಡದ ನಡುವೆ ಬದುಕುತ್ತ ಕನ್ನಡ ಕಲಿತ, ಆಮೇಲೆ ಬರೆದಿಟ್ಟ.

ನಮ್ಮ ಮಕ್ಕಳಿಗೆ ಸಿಕ್ಕಿದ್ದು ಇದರ ಉಲ್ಟಾ. 1876ರಲ್ಲಿ ಬಾಸೆಲ್ ಮಿಷನ್ನಿನ ಝೀಗ್ಲರ್ ಇಂಗ್ಲಿಷ್-ಕನ್ನಡ ಶಾಲಾ ನಿಘಂಟು ತಂದ. ಉಪಯುಕ್ತ ಪುಸ್ತಕವೇ, ತಕರಾರಿಲ್ಲ. ಆದರೆ ಇಂಗ್ಲಿಷು ಕಿವಿಗೆ ಬೀಳದ ಹಳ್ಳಿಯಲ್ಲಿ ಶಾಲೆಯ ಇಂಗ್ಲಿಷು 'ಶಬ್ದ, ಸ್ಪೆಲ್ಲಿಂಗ್, ಅರ್ಥ' ಅನ್ನುವ ಮೂರು ಕಾಲಮ್ಮಾಗಿ ನಿಂತುಬಿಟ್ಟಿತು. ಧಾರವಾಡದಲ್ಲಿ ಸರ್ಕಾರಿ ಇಂಗ್ಲಿಷ್ ಶಾಲೆ 1848ರಲ್ಲೇ ಶುರುವಾಗಿತ್ತು ನಿಜ. ಆದರೆ ಐರಣಿಯಂಥ ಹೊಳೆಸಾಲಿನ ಹಳ್ಳಿಯ ಹುಡುಗನಿಗೆ ಕನ್ನಡ ಶಾಲೆ, ಹೆಚ್ಚೆಂದರೆ ಮುಲ್ಕಿ ಪರೀಕ್ಷೆ. ಅಲ್ಲಿಗೆ ಓದು ಮುಗಿಯಿತು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರ ಇಂಗ್ಲಿಷನ್ನು ಎಂಟನೇ ಇಯತ್ತೆಗೆ ತಳ್ಳಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ನಂತರ ಐದನೇ ಕ್ಲಾಸಿಗೆ ಎ ಬಿ ಸಿ ಡಿ ಬಂತು. ಒಂದನೇ ಕ್ಲಾಸಿಗೆ ಬಂದದ್ದು 2007ರಲ್ಲಿ.

ವರ್ಷಕ್ಕೆ 220 ದಿನ ಶಾಲೆ ಎಂದು ಹಿಡಿಯಿರಿ. ಎಂಟರಲ್ಲಿ ಶುರು ಮಾಡಿದವನು ದಿನಕ್ಕೊಂದರಂತೆ ಕಲಿತರೂ ಹತ್ತು ಮುಗಿಯುವಷ್ಟರಲ್ಲಿ 660 ಪದ. ಐದರಿಂದಾದರೆ 1,320. ಅಷ್ಟರಲ್ಲಿ ಪರೀಕ್ಷೆ ದಾಟಬಹುದೇನೋ, ಪೇಟೆಯ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ನಡೆಯುವ ಪಾಠ ತಲೆಗೆ ಹೋಗುವುದಿಲ್ಲ. ಎಷ್ಟು ಜಾಣ ಹುಡುಗರು ಈ ಹೊಸ್ತಿಲಲ್ಲೇ ಎಡವಿ ಹೊಲಕ್ಕೋ ಅಂಗಡಿಗೋ ವಾಪಸ್ ಬಂದಿದ್ದಾರೆ ಅಂತ ನಮ್ಮ ಕಡೆಯ ಯಾವ ಊರಿನಲ್ಲಿ ಬೇಕಾದರೂ ಕೇಳಿ. ಗಣಿತದಲ್ಲಿ ಪಾಸು, ವಿಜ್ಞಾನದಲ್ಲಿ ಪಾಸು, ಇಂಗ್ಲಿಷಿನಲ್ಲಿ ಢುಮ್ಕಿ. ಇದನ್ನು ದಡ್ಡತನ ಅಂತ ಕರೆದದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಹಾಗೆ ಉಳಿದವರ ಆಸೆಯ ಮೇಲೆ ನಿಂತದ್ದು 1976ರಲ್ಲಿ ದಿಲ್ಲಿಯಲ್ಲಿ ಹುಟ್ಟಿ ಕನ್ನಡಕ್ಕೂ ಬಂದ ರ‍್ಯಾಪಿಡೆಕ್ಸ್. ಕಪಿಲ್ ದೇವ್ ಜಾಹೀರಾತು ನೆನಪಿದೆಯಲ್ಲ? 60 ದಿನದ ಪಾಠಗಳು. ಇಂಗ್ಲಿಷ್ ಪ್ರೊಫೆಸರುಗಳು ನಕ್ಕರು. ಆದರೆ ನನಗೆ ಆ ಪುಸ್ತಕದ ಮೇಲೆ ಗೌರವವಿದೆ, ಯಾಕೆಂದರೆ ಅದು ಬಿಡಿ ಪದದ ಜೊತೆಗೆ ಇಡೀ ವಾಕ್ಯ ಕೊಟ್ಟಿತು, ಅದರ ಉಚ್ಚಾರವನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿತು.

ಇನ್ನು ಶಾಲೆಯ ಹೊರಗಿನ ಕಥೆಯೇ ಬೇರೆ. 1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹಾದು ಹೋಯಿತು. ಟೇಸನ್ನು, ಟಿಕೀಟು, ಗಾರ್ಡು, ಸಿಗ್ನಲ್ಲು.. ಯಾರೂ ಬಾಯಿಪಾಠ ಮಾಡಲಿಲ್ಲ, ಪದ ಸಾಮಾನಿನ ಜೊತೆಗೇ ಬಂದು ಇಳಿಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿ ತಂದರು. ಬೀಜೋತ್ಪಾದನೆ ರಾಣೆಬೆನ್ನೂರು ಸೀಮೆಯ ಹೊಲ ಹೊಲಕ್ಕೆ ಹಬ್ಬಿದ ಮೇಲೆ 'ಹೈಬ್ರಿಡ್' ಎಷ್ಟು ನಮ್ಮದಾಯಿತೆಂದರೆ ಅಜ್ಜಿಯರು ಅದನ್ನು ಬೈಗುಳ ಮಾಡಿಕೊಂಡರು. "ಈಗಿನವು ಹೈಬ್ರಿಡ್ ಮಂದಿ, ನಾಕು ಹನಿ ಮಳಿಗೆ ತೊಯ್ದರ ಜ್ವರ!" ಯಾವ ನಿಘಂಟು ಕೊಡುತ್ತದೆ ಈ ಅರ್ಥ?

ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಹೋದರೆ 'ಓಲಿಯೋರೆಸಿನ್' ಅನ್ನುವ ಮಾತು ಕಿವಿಗೆ ಬೀಳುತ್ತದೆ. ಮೆಣಸಿನಕಾಯಿಯಿಂದ ಬಣ್ಣದ ಸಾರ ತೆಗೆದು ಆಹಾರಕ್ಕೆ, ಸೌಂದರ್ಯವರ್ಧಕಕ್ಕೆ ಕಳಿಸುತ್ತಾರಲ್ಲ, ಅದು. ಅಲ್ಲಿ ರೇಟು ತೂಗುವುದು ಖಾರಕ್ಕಲ್ಲ, ಬಣ್ಣಕ್ಕೆ. ಇಂಗ್ಲಿಷ್ ಎಂ.ಎ. ಮಾಡಿದ ಎಷ್ಟೋ ಜನಕ್ಕೆ ಈ ಪದ ಗೊತ್ತಿರಲಿಕ್ಕಿಲ್ಲ. ಚೀಲ ಇಳಿಸಿ ಟೆಂಡರಿಗೆ ಕಾಯುತ್ತ ಕೂತ ರೈತನಿಗೆ ಗೊತ್ತು, ಅವನ ವರ್ಷದ ಗಳಿಕೆ ಆ ಪದದ ಮೇಲೆ ನಿಂತಿರುತ್ತದೆ.

ನಿಮ್ಮ ಊರಿನ ಪೇಟೆಯಲ್ಲಿ, ಗ್ಯಾರೇಜಿನಲ್ಲಿ, ಮಗ್ಗದ ಮನೆಯಲ್ಲಿ ಹೀಗೆ ಬಂದು ಕೂತ ಪದಗಳಿದ್ದರೆ ಬರೆದು ಹಾಕಿ. ಅವುಗಳ ಪಟ್ಟಿ ಮಾಡುವ ಆಸೆ ನನಗಿದೆ, ಬರೀ ಅರ್ಥವಲ್ಲ, ಯಾರು ಯಾವಾಗ ಹೇಗೆ ಅನ್ನುತ್ತಾರೆ ಅನ್ನುವುದೂ ಬೇಕು. ಹಾಗೇ ಐರಣಿ ಗಡಿಗೆಗೆ ಒಂದು ಒಳ್ಳೆಯ ಇಂಗ್ಲಿಷ್ ವಾಕ್ಯ ಹೊಳೆದರೆ ಅದನ್ನೂ ತಿಳಿಸಿ!